ಇಲಿಯನ್‌ನ ರೆಮಿಂಗ್ಟನ್ ಫ್ಯಾಕ್ಟರಿ ಮುಚ್ಚಿದ್ದು ನಿಜಕ್ಕೂ ಗನ್ ಕಾಯ್ದೆಯಿಂದಲೇ?

ಮೊಹಾಕ್ ಕಣಿವೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಯಾರ್ಕ್ ರಾಜ್ಯದಲ್ಲಿ. ಸಿಟಿಯಲ್ಲಲ್ಲ, ಯೂಟಿಕಾ ಹತ್ತಿರ. ಪಕ್ಕದಲ್ಲೇ ಇಲಿಯನ್ ಅಂತ ಒಂದು ಸಣ್ಣ ಊರು. ರೆಮಿಂಗ್ಟನ್ ಬಂದೂಕು ಕಂಪನಿ 1816ರಲ್ಲಿ ಶುರುವಾಗಿದ್ದು ಈ ಸೀಮೆಯಲ್ಲೇ. ಊರ ನಟ್ಟನಡುವೆ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡಗಳು, ಸುತ್ತ ಕೆಲಸಗಾರರ ಮನೆಗಳು. ತಾತ, ಅಪ್ಪ, ಮಗ ಮೂರೂ ತಲೆಮಾರು ಅಲ್ಲೇ ದುಡಿದ ಕುಟುಂಬಗಳು ಇಲ್ಲಿ ಬೇಕಾದಷ್ಟಿವೆ. 2024ರ ಮಾರ್ಚ್‌ನಲ್ಲಿ ಫ್ಯಾಕ್ಟರಿ ಪೂರ್ತಿ ಮುಚ್ಚಿತು. ಕೊನೆಗೆ ಉಳಿದಿದ್ದ ಸುಮಾರು 270 ಜನರ ಕೆಲಸ ಹೋಯಿತು. ಕಂಪನಿ ಜಾರ್ಜಿಯಾಗೆ ಹೋಯಿತು.

ಇಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. "ರಾಜಧಾನಿ ಆಲ್ಬನಿಯಲ್ಲಿ ಕೂತವರು ಸೇಫ್ ಆಕ್ಟ್ ತಂದರು, ಕಂಪನಿಯನ್ನು ಓಡಿಸಿದರು." 2013ರ ಜನವರಿಯಲ್ಲಿ ಆಗಿನ ಗವರ್ನರ್ ಕ್ಯುಮೊ ಸಹಿ ಹಾಕಿದ ಕಾಯ್ದೆ ಅದು. ಸೈನ್ಯದ ರೈಫಲ್ ಹೋಲುವ ಎಆರ್-15 ತರಹದ ರೈಫಲ್ ಮಾರುವಂತಿಲ್ಲ, ಮೊದಲೇ ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು, ಹೀಗೆ. ಆದರೆ ಕಾಯ್ದೆ ಬಂದಿದ್ದು 2013, ಫ್ಯಾಕ್ಟರಿ ಮುಚ್ಚಿದ್ದು 2024. ನಡುವೆ ಹನ್ನೊಂದು ವರ್ಷ ಏನಾಯಿತು?

ನನಗೆ ಸಿಟಿಜನ್‌ಶಿಪ್ ಬಂದು ಜಾಸ್ತಿ ದಿನ ಆಗಿಲ್ಲ. ವೋಟು ಹಾಕುವ ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ. ಬೇರೆ ರಾಜ್ಯಗಳಲ್ಲಿ ಇರುವವರೂ ನಿಮ್ಮಲ್ಲಿ ಏನಾಯಿತು ಅಂತ ಹೇಳಿ. ಕಂಪನಿಗಳು ಹೋಗುವುದು ಒಂದು ಕಡೆ, ಮನೆಯಲ್ಲಿ ಗನ್ ಇಟ್ಟುಕೊಂಡವರು ಇಂಥ ಕಾಯ್ದೆ ಬಂದಾಗ ಏನು ಮಾಡುತ್ತಾರೆ? ಬೈಯುವವರು, ಹೊಗಳುವವರು ಇಬ್ಬರೂ ಬರೆಯಿರಿ, ಆದರೆ ಜಗಳ ಬೇಡ.

ಅಟ್ಲಾಂಟಾ ಲೆಕ್ಕಿಗ

ಸರ್, ಕಂಪನಿಗಳ ಲೆಕ್ಕಪತ್ರ ನೋಡುವುದೇ ನನ್ನ ಕೆಲಸ, ಹಾಗಾಗಿ ದುಡ್ಡಿನ ಕಡೆಯಿಂದ ಹೇಳುತ್ತೇನೆ. ರೆಮಿಂಗ್ಟನ್ ಕಥೆಯಲ್ಲಿ ಕಾಯ್ದೆಗಿಂತ ದೊಡ್ಡ ಪಾತ್ರ ಸಾಲದ್ದು.

2007ರಲ್ಲಿ ಸರ್ಬರಸ್ ಅನ್ನುವ ಹೂಡಿಕೆ ಸಂಸ್ಥೆ ಇದನ್ನು ಕೊಂಡಿತು. ಬುಶ್‌ಮಾಸ್ಟರ್ ಸೇರಿದಂತೆ ಹಲವು ಗನ್ ಕಂಪನಿಗಳನ್ನು ಒಂದೇ ಗುಂಪಿಗೆ ಸೇರಿಸಿತು. ಸಾಲ ಬೆಳೆಯುತ್ತಾ ಹೋಯಿತು. ಒಬಾಮಾ ಕಾಲದಲ್ಲಿ ಎಲ್ಲಿ ನಿಷೇಧ ಬರುತ್ತದೋ ಅಂತ ಜನ ಮುಗಿಬಿದ್ದು ಗನ್ ಕೊಂಡರು, ಟ್ರಂಪ್ ಗೆದ್ದ ಮೇಲೆ ಆ ಭಯ ಹೋಗಿ ವ್ಯಾಪಾರ ಕುಸಿಯಿತು, ಸಾಲ ಮಾತ್ರ ಹಾಗೇ ಉಳಿಯಿತು. 2018ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ. 2020ರ ಜುಲೈನಲ್ಲಿ ಮತ್ತೊಮ್ಮೆ. ಆ ಎರಡನೇ ದಿವಾಳಿಯಲ್ಲಿ ಕಂಪನಿಯನ್ನು ತುಂಡು ತುಂಡು ಮಾಡಿ ಮಾರಿದರು. ಇಲಿಯನ್ ಫ್ಯಾಕ್ಟರಿ ಮತ್ತು ರೆಮಿಂಗ್ಟನ್ ಬಂದೂಕುಗಳ ವ್ಯವಹಾರ ಕೇವಲ 1.3 ಕೋಟಿ ಡಾಲರ್‌ಗೆ ಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 585 ಜನರನ್ನು ಕೆಲಸದಿಂದ ತೆಗೆದರು. ಸೆವೆರೆನ್ಸ್ (ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರ) ಇಲ್ಲ, ಉಳಿದಿದ್ದ ರಜೆಯ ದುಡ್ಡೂ ಇಲ್ಲ ಅಂತ ಯೂನಿಯನ್‌ನವರು ಬೀದಿಗೆ ಇಳಿದರು. ನಿಮ್ಮ ಅಕ್ಕಪಕ್ಕದವರಿಗೆ ಇದು ಚೆನ್ನಾಗಿ ನೆನಪಿರುತ್ತದೆ, ಕೇಳಿ ನೋಡಿ.

ಇನ್ನೊಂದು ಮುಖ್ಯ ವಿಷಯ. ಇಲಿಯನ್‌ನಲ್ಲಿ ಮುಖ್ಯವಾಗಿ ತಯಾರಾಗುತ್ತಿದ್ದುದು ಮಾಡೆಲ್ 870 ಶಾಟ್‌ಗನ್, ಮಾಡೆಲ್ 700 ರೈಫಲ್. ಒಂದು ಪಂಪ್, ಇನ್ನೊಂದು ಬೋಲ್ಟ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಎಳೆಯಬೇಕು. ಎರಡೂ ಬೇಟೆಯವರ ಅಚ್ಚುಮೆಚ್ಚು, ಸೇಫ್ ಆಕ್ಟ್ ನಿಷೇಧ ಇವಕ್ಕೆ ತಾಗಲೇ ಇಲ್ಲ. ಕಾಯ್ದೆ ನಿಲ್ಲಿಸಿದ್ದು ರಾಜ್ಯದೊಳಗಿನ ಮಾರಾಟವನ್ನು. ಎಆರ್-15 ತರಹದ ಬುಶ್‌ಮಾಸ್ಟರ್ ರೈಫಲ್‌ಗಳನ್ನು ಕೂಡ ಕಾಯ್ದೆ ಬಂದ ಮೇಲೆ ಸ್ವಲ್ಪ ಕಾಲ ಇಲಿಯನ್‌ನಲ್ಲೇ ಮಾಡಿ ಹೊರಗೆ ಕಳಿಸುತ್ತಿದ್ದರು.

2014ರಲ್ಲಿ ಆ ಲೈನ್ ಅಲಬಾಮಾದ ಹಂಟ್ಸ್‌ವಿಲ್‌ಗೆ ಹೋಯಿತು. ಅಲ್ಲಿ ರಾಜ್ಯ ಮತ್ತು ಊರು ಸೇರಿ ಸುಮಾರು 7 ಕೋಟಿ ಡಾಲರ್ ನೆರವಿನ ಮಾತು ಕೊಟ್ಟಿದ್ದವು, ಕಂಪನಿ ಸುಮಾರು 2,000 ಕೆಲಸದ ಮಾತು ಕೊಟ್ಟಿತ್ತು. ಆ ಸಂಖ್ಯೆಯ ಹತ್ತಿರಕ್ಕೂ ಹೋಗಲಿಲ್ಲ, 2020ರಲ್ಲಿ ಅದೂ ಮುಚ್ಚಿತು. ಅಲಬಾಮಾದಲ್ಲಿ ಯಾವ ಸೇಫ್ ಆಕ್ಟ್ ಇತ್ತು ಹೇಳಿ? ನನಗೆ ಇಡೀ ಚರ್ಚೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಜಾರ್ಜಿಯಾ ಸರದಿ. 2021ರ ನವೆಂಬರ್‌ನಲ್ಲಿ ಲಾಗ್ರೇಂಜ್‌ಗೆ ಬರುತ್ತೇವೆ, 10 ಕೋಟಿ ಡಾಲರ್ ಹಾಕುತ್ತೇವೆ, 856 ಕೆಲಸ ಕೊಡುತ್ತೇವೆ ಅಂತ ಘೋಷಣೆಯಾಯಿತು. ಇಲಿಯನ್‌ನಲ್ಲಿ ಬಲವಾದ ಯೂನಿಯನ್ ಇತ್ತು, ನೂರಾರು ವರ್ಷದ ಹಳೇ ಕಟ್ಟಡಗಳನ್ನು ಸಾಕುವ ಖರ್ಚಿತ್ತು. ಇಲ್ಲಿ ಯೂನಿಯನ್ ಕಟ್ಟುವುದು ಕಷ್ಟ, ತೆರಿಗೆ ರಿಯಾಯಿತಿ ಸಿಗುತ್ತದೆ. ಹೋಗುವಾಗ ಹೇಳಿಕೆಯಲ್ಲಿ ರಾಜಕೀಯದ ಕಾರಣ ಕೊಟ್ಟರೆ ಗನ್ ಕೊಳ್ಳುವ ಗಿರಾಕಿಗಳು ಮೆಚ್ಚುತ್ತಾರೆ.

ಬೋಲ್ಡರ್ ಬೆಟ್ಟ

ಲೆಕ್ಕಿಗರೇ, ರೆಮಿಂಗ್ಟನ್ ವಿಷಯದಲ್ಲಿ ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಅದೇ ಅಳತೆಯಲ್ಲಿ ಎಲ್ಲರನ್ನೂ ಅಳೆಯಬೇಡಿ. ನಾನು ಕೊಲೊರಾಡೋದವನು, ಪ್ರತಿ ಶರತ್ಕಾಲ ಎಲ್ಕ್ ಬೇಟೆಗೆ ಹೋಗುತ್ತೇನೆ, ಲೈಸೆನ್ಸ್ ಟ್ಯಾಗ್ ಎಲ್ಲ ತೆಗೆದುಕೊಂಡೇ. ನಮ್ಮಲ್ಲಿ ಆಗಿದ್ದು ಬೇರೆ.

2012ರ ಜುಲೈನಲ್ಲಿ ಅರೋರಾದ ಚಿತ್ರಮಂದಿರದಲ್ಲಿ 12 ಜನ ಸತ್ತರು. ಮರುವರ್ಷ ಮಾರ್ಚ್‌ನಲ್ಲಿ ಆಗಿನ ಗವರ್ನರ್ ಹಿಕನ್‌ಲೂಪರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ 15ಕ್ಕಿಂತ ಜಾಸ್ತಿ ಗುಂಡು ಹಿಡಿಸುವ ಮ್ಯಾಗಜೀನ್ (ಗನ್‌ಗೆ ಸಿಕ್ಕಿಸುವ ಗುಂಡಿನ ಡಬ್ಬಿ) ಮಾರುವಂತಿಲ್ಲ. ಎರೀ ಊರಿನಲ್ಲಿ ಮ್ಯಾಗ್‌ಪುಲ್ ಅಂತ ಕಂಪನಿ ಇತ್ತು. ಅವರು ಮಾಡುತ್ತಿದ್ದುದೇ ಅದು, 30 ಗುಂಡಿನ ಪ್ಲಾಸ್ಟಿಕ್ ಮ್ಯಾಗಜೀನ್. ಬಿಲ್ ಪಾಸಾದರೆ ಹೋಗುತ್ತೇವೆ ಅಂತ ಮೊದಲೇ ಹೇಳಿದ್ದರು. ಹೊರರಾಜ್ಯಕ್ಕೆ ಮಾಡುವವರಿಗೆ ವಿನಾಯಿತಿ ಕೊಟ್ಟರೂ ಅವರು ನಿಲ್ಲಲಿಲ್ಲ. ತಯಾರಿಕೆ ವಯೋಮಿಂಗ್‌ನ ಶೈಯೆನ್‌ಗೆ, ಮುಖ್ಯ ಕಚೇರಿ ಟೆಕ್ಸಾಸ್‌ಗೆ ಅಂತ 2014ರ ಜನವರಿಯಲ್ಲಿ ಘೋಷಿಸಿದರು. ವಯೋಮಿಂಗ್ ಹಣದ ನೆರವು ಕೊಟ್ಟಿದ್ದೂ ನಿಜ. ಆದರೆ ದಿವಾಳಿಯಾದ ಕಂಪನಿ ಅಲ್ಲ ಇದು, ಚೆನ್ನಾಗಿ ನಡೆಯುತ್ತಿದ್ದ ಕಂಪನಿ. ಮಾತು ಕೊಟ್ಟಂತೆ ನಡೆದುಕೊಂಡರು ಅಂತಲೇ ನಾನು ನೋಡುತ್ತೇನೆ.

ಇನ್ನು ಗನ್ ಇಟ್ಟುಕೊಂಡವರ ವಿಷಯ. 2013ರ ಜುಲೈ 1ಕ್ಕೆ ಕಾಯ್ದೆ ಜಾರಿ. ಅದಕ್ಕೂ ಮೊದಲು ಕೊಂಡದ್ದನ್ನು ಇಟ್ಟುಕೊಳ್ಳಬಹುದಿತ್ತು. ಹಾಗಾಗಿ ಆ ವಸಂತದಲ್ಲಿ ಅಂಗಡಿಗಳ ಕಪಾಟು ಖಾಲಿ. ಮ್ಯಾಗ್‌ಪುಲ್ ಕೂಡ ಕೊಲೊರಾಡೋ ವಿಳಾಸ ಇದ್ದವರಿಗೆ ಮೊದಲು ಅಂತ ಅಂಚೆಯಲ್ಲಿ ಕಳಿಸಿತು. ಮ್ಯಾಗಜೀನ್ ಸಿಗದ ಹಾಗೆ ಮಾಡಲು ತಂದ ಕಾಯ್ದೆ, ಮನೆಮನೆಗೆ ಅದನ್ನು ತಲುಪಿಸಿತು. ಮ್ಯಾಗಜೀನ್‌ಗೆ ಸೀರಿಯಲ್ ನಂಬರ್ ಇರುವುದಿಲ್ಲ, ಯಾವುದು ಜುಲೈ 1ಕ್ಕೆ ಮೊದಲಿನದು ಅಂತ ಯಾವ ಪೊಲೀಸ್ ಹೇಳಬಲ್ಲ? ಎಷ್ಟೋ ಶೆರಿಫ್‌ಗಳು (ಕೌಂಟಿ, ಅಂದರೆ ಜಿಲ್ಲೆಯ, ಪೊಲೀಸ್ ಮುಖ್ಯಸ್ಥರು) ಕಾಯ್ದೆಯ ವಿರುದ್ಧ ತಾವೇ ಕೋರ್ಟಿಗೆ ಹೋದರು. ಅದು 2016ರಲ್ಲಿ ಬಿದ್ದುಹೋಯಿತು.

2013ರ ಸೆಪ್ಟೆಂಬರ್‌ನಲ್ಲೇ ಮತದಾರರು ಈ ಕಾಯ್ದೆ ಬೆಂಬಲಿಸಿದ ರಾಜ್ಯದ ಇಬ್ಬರು ಸೆನೆಟರ್‌ಗಳನ್ನು ಅವಧಿಗೆ ಮೊದಲೇ ವಾಪಸ್ ಕರೆದರು. ಕೊಲೊರಾಡೋ ಸ್ಪ್ರಿಂಗ್ಸ್‌ನ ಜಾನ್ ಮೋರ್ಸ್, ಪ್ವೆಬ್ಲೋದ ಏಂಜೆಲಾ ಹಿರೋನ್. ಮೋರ್ಸ್ ಆಗ ಸೆನೆಟ್ ಅಧ್ಯಕ್ಷ, ಸಣ್ಣ ಆಸಾಮಿ ಅಲ್ಲ. ನಮ್ಮ ಮಾತು ಕೇಳದಿದ್ದರೆ ಹೀಗಾಗುತ್ತದೆ ಅಂತ ತೋರಿಸಿದೆವು.

ಇಬ್ಬರು ಮಕ್ಕಳ ಅಮ್ಮ

ಬೋಲ್ಡರ್ ಬೆಟ್ಟ ಅವರೇ, ಆ ಎರಡೂ ಸೀಟು ಮರುವರ್ಷವೇ ಡೆಮಾಕ್ರಾಟ್‌ಗಳಿಗೆ ವಾಪಸ್ ಬಂದವು, ಮ್ಯಾಗಜೀನ್ ಕಾಯ್ದೆ ಇನ್ನೂ ಇದೆ. ಅದನ್ನೂ ಬರೆಯಬೇಕಿತ್ತು.

ನಾನು ಕನೆಕ್ಟಿಕಟ್‌ನವಳು. ಸ್ಯಾಂಡಿ ಹುಕ್ ಶಾಲೆ ನಮ್ಮಿಂದ ದೂರ ಇಲ್ಲ. 2012ರ ಡಿಸೆಂಬರ್ 14. ಇಪ್ಪತ್ತು ಮಕ್ಕಳು, ಆರು ಜನ ದೊಡ್ಡವರು. ಮಕ್ಕಳೆಲ್ಲ ಆರು ಏಳು ವರ್ಷದವರು. ಬಳಸಿದ್ದು ಬುಶ್‌ಮಾಸ್ಟರ್ ರೈಫಲ್, ಅಂದರೆ ಇದೇ ರೆಮಿಂಗ್ಟನ್ ಗುಂಪಿನದು. ಸೇಫ್ ಆಕ್ಟ್ ಬಂದಿದ್ದು ಅದಾದ ಒಂದು ತಿಂಗಳಿಗೆ. ಇಲ್ಲಿಯವರೆಗಿನ ಉತ್ತರಗಳಲ್ಲಿ ಯಾರೂ ಆ ಶಾಲೆಯ ಹೆಸರೇ ಎತ್ತಲಿಲ್ಲ. ಕಾಯ್ದೆ ಯಾಕೆ ಬಂತು ಅಂತ ಬಿಟ್ಟು ಕಾಯ್ದೆಯಿಂದ ಏನಾಯಿತು ಅಂತ ಮಾತ್ರ ಮಾತಾಡಿದರೆ ಹೇಗೆ?

ಗನ್ ಕಂಪನಿಗಳ ಮೇಲೆ ಕೇಸು ಹಾಕುವುದು ಈ ದೇಶದಲ್ಲಿ ಸುಲಭ ಅಲ್ಲ. 2005ರಲ್ಲಿ ಕಾಂಗ್ರೆಸ್ ಅವರಿಗೊಂದು ರಕ್ಷಣೆಯ ಕಾಯ್ದೆಯನ್ನೇ ಮಾಡಿಕೊಟ್ಟಿದೆ. ಆದರೂ ಒಂಬತ್ತು ಕುಟುಂಬಗಳು ಬಿಡಲಿಲ್ಲ. ಯುದ್ಧದ ಆಯುಧವನ್ನು ಹುಡುಗರ ತಲೆಕೆಡಿಸುವ ಹಾಗೆ ಜಾಹೀರಾತು ಮಾಡಿ ಮಾರಿದ್ದು ತಪ್ಪು ಅಂತ, ನಮ್ಮ ರಾಜ್ಯದ ವ್ಯಾಪಾರ ಕಾಯ್ದೆಯನ್ನು ಹಿಡಿದು ಹೋರಾಡಿದರು. 2022ರ ಫೆಬ್ರವರಿಯಲ್ಲಿ 7.3 ಕೋಟಿ ಡಾಲರ್‌ಗೆ ರಾಜಿ ಆಯಿತು, ಕಂಪನಿಯ ಒಳಗಿನ ಕಾಗದಪತ್ರ ಹೊರಗೆ ತರುವ ಹಕ್ಕೂ ಸಿಕ್ಕಿತು. ಕೊಟ್ಟಿದ್ದು ವಿಮಾ ಕಂಪನಿಗಳು. ನ್ಯೂಯಾರ್ಕ್ ಕೂಡ 2021ರಲ್ಲಿ ಗನ್ ಕಂಪನಿಗಳ ಮೇಲೆ ಕೇಸು ಹಾಕಲು ದಾರಿ ತೆರೆಯಿತು. ಇವರು ತೆಂಕಣಕ್ಕೆ ಓಡುವುದಕ್ಕೆ ಅದೂ ಒಂದು ಕಾರಣ ಇರಬಹುದು. ಹಾಗೆ ಓಡಿದರೆ ನನಗೇನೂ ಬೇಜಾರಿಲ್ಲ. ಕೆಲಸ ಕಳೆದುಕೊಂಡವರ ಬಗ್ಗೆ ಖಂಡಿತ ಬೇಜಾರಿದೆ. ಅದಕ್ಕೆ ರಾಜ್ಯ ಬೇರೆ ಫ್ಯಾಕ್ಟರಿ ತರಬೇಕು, ಮಕ್ಕಳ ಜೀವ ಕಾಪಾಡುವ ಕಾಯ್ದೆಯನ್ನು ಬಿಟ್ಟುಕೊಡಬಾರದು.

ನನ್ನ ಚಿಕ್ಕ ಮಗಳ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಇರುತ್ತದೆ. ದೀಪ ಆರಿಸಿ, ಬಾಗಿಲಿನ ಗಾಜಿಗೆ ಪರದೆ ಎಳೆದು, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿಸುತ್ತಾರೆ. ಬೆಳಕಿನ ಸ್ನೀಕರ್ ಹಾಕಿಕೊಂಡು ಬರಬೇಡಿ, ಕತ್ತಲಲ್ಲಿ ಮಿನುಗುತ್ತದೆ ಅಂತ ಅವಳ ಗೆಳತಿ ಹೇಳಿದಳಂತೆ. ಹಾಗಾಗಿ ಹೊಸ ಶೂ ಕೊಳ್ಳುವಾಗ ಅವಳೇ ಬೇರೆ ಆರಿಸಿದಳು.

ಬೋಲ್ಡರ್ ಬೆಟ್ಟ

ಮೇಡಂ, ಆ ಮಕ್ಕಳ ಬಗ್ಗೆ ನನಗೂ ನಿಮ್ಮಷ್ಟೇ ಸಂಕಟ ಇದೆ. ಸೀಟು ವಾಪಸ್ ಹೋಗಿದ್ದೂ ನಿಜ. 15 ಗುಂಡಿನ ಮಿತಿಯಿಂದ ಅಂಥದ್ದು ನಿಲ್ಲುತ್ತದೆ ಅಂತ ಮಾತ್ರ ನಾನು ನಂಬುವುದಿಲ್ಲ. ಇಷ್ಟಕ್ಕೆ ನಿಲ್ಲಿಸುತ್ತೇನೆ.

ಮೊಹಾಕ್ ಕಣಿವೆ

ಇಬ್ಬರಿಗೂ ಥ್ಯಾಂಕ್ಸ್. ಲೆಕ್ಕಿಗರ ಉತ್ತರ ಓದಿ 870, 700 ಬಗ್ಗೆ ಪಕ್ಕದ ಮನೆಯ ಹಿರಿಯರನ್ನು ಕೇಳಿದೆ, ಅಲ್ಲೇ ದುಡಿದು ನಿವೃತ್ತರಾದವರು. "ಅದು ಸರಿ, ನಾವು ಮಾಡುತ್ತಿದ್ದ ಗನ್ ನಿಷೇಧ ಆಗಿರಲಿಲ್ಲ. ಆದರೆ ನಮ್ಮ ರಾಜ್ಯವೇ ನಮ್ಮ ಕೆಲಸವನ್ನು ನಾಚಿಕೆಗೇಡು ಅಂದ ಹಾಗಾಯಿತು" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾದರೆ ನಿಜವಾಗಿ ಕಾಯ್ದೆಯಿಂದಲೇ ಹೋದ ಕಂಪನಿ ಇಲ್ಲವೇ? ಮತ್ತೆ ನೋಂದಣಿ ವಿಷಯ ಯಾರಾದರೂ ಹೇಳಿ. ಜನ ನಿಜಕ್ಕೂ ಹೋಗಿ ಹೆಸರು ಬರೆಸುತ್ತಾರಾ?

ಅಟ್ಲಾಂಟಾ ಲೆಕ್ಕಿಗ

ಇವೆ ಸರ್. ಹತ್ತಿರದ ಉದಾಹರಣೆ ಸ್ಮಿತ್ ಅಂಡ್ ವೆಸನ್. 1852ರ ಕಂಪನಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್. ಅಲ್ಲಿ ಎಆರ್ ತರಹದ್ದನ್ನು ಮಾರುವಂತಿಲ್ಲ ಅನ್ನುವುದು ಹಳೇ ಕಥೆ. ಆದರೆ ತಯಾರಿಸುವುದನ್ನೇ ನಿಷೇಧಿಸುವ ಒಂದು ಬಿಲ್ ಬಂತು. ತಮ್ಮ ಆದಾಯದ ಶೇ. 60ಕ್ಕಿಂತ ಹೆಚ್ಚು ಅಂಥ ಮಾಲಿನಿಂದಲೇ ಅಂತ ಕಂಪನಿ ಹೇಳಿತು. ಬಿಲ್ ಪಾಸಾಗಿರಲಿಲ್ಲ, ಆದರೂ 2021ರ ಸೆಪ್ಟೆಂಬರ್‌ನಲ್ಲಿ ಟೆನೆಸಿಯ ಮೇರಿವಿಲ್‌ಗೆ ಹೋಗುತ್ತೇವೆ ಅಂತ ಘೋಷಿಸಿದರು. ಸುಮಾರು 750 ಕೆಲಸ ಅತ್ತ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇನ್ನೂ ಹತ್ತಿರ ಹತ್ತಿರ ಸಾವಿರ ಜನ ಉಳಿದಿದ್ದಾರೆ.

ಇಟಲಿಯ ಬೆರೆಟಾ ಕೂಡ ಹಾಗೇ. ಮೇರಿಲ್ಯಾಂಡ್‌ನ ಅಕೊಕೀಕ್‌ನಲ್ಲಿ ಅವರ ಅಮೆರಿಕನ್ ಫ್ಯಾಕ್ಟರಿ ಇತ್ತು. 2013ರ ಬಿಲ್‌ನ ಮೊದಲ ಕರಡು ತಯಾರಿಕೆಗೇ ಅಡ್ಡ ಬರುತ್ತಿತ್ತು. ಆಮೇಲೆ ತಿದ್ದಿದರು. ಆದರೆ ಒಮ್ಮೆ ಇಂಥ ಕರಡು ಬಂದ ಮೇಲೆ ಮತ್ತೆ ಬರುವುದಿಲ್ಲ ಅಂತ ಏನು ಗ್ಯಾರಂಟಿ ಅಂತ ಅವರ ವಾದ. ತಯಾರಿಕೆ ಪೂರ್ತಿ ಟೆನೆಸಿಯ ಗ್ಯಾಲಟಿನ್‌ಗೆ ಹೋಯಿತು.

ನಾನು ಗಮನಿಸಿದ್ದು ಇಷ್ಟು. ಮಾರಾಟಕ್ಕೆ ಮಾತ್ರ ತಡೆ ಹಾಕಿದ ಕಡೆ ಕಂಪನಿ ಕೊಡುವ ಕಾರಣವನ್ನು ಹಾಗೇ ನುಂಗಬೇಡಿ, ಅವರ ಸಾಲ, ಸಂಬಳದ ಖರ್ಚು, ಎದುರಿನ ರಾಜ್ಯದ ಆಫರ್ ನೋಡಿ. ತಯಾರಿಕೆಗೇ ಕೈ ಹಾಕಿದ ಕಡೆ ಅವರ ಮಾತಿನಲ್ಲಿ ಹುರುಳಿದೆ. ಇಲಿಯನ್ ಮೊದಲನೇ ಗುಂಪಿಗೆ ಸೇರಿದ್ದು.

ನೇಪರ್‌ವಿಲ್ ನಿವಾಸಿ

ನೋಂದಣಿ ವಿಷಯ ನಾನು ಹೇಳುತ್ತೇನೆ. ನಿಮ್ಮ ನ್ಯೂಯಾರ್ಕ್‌ನಲ್ಲಿ ಲೆಕ್ಕ ಕೊಡಲು ಸರ್ಕಾರ ಬಹಳ ದಿನ ಒಪ್ಪಲೇ ಇಲ್ಲ. ಕೋರ್ಟ್ ಹೇಳಿದ ಮೇಲೆ 2015ರಲ್ಲಿ ಹೊರಬಿತ್ತು. ಸುಮಾರು 24,000 ಜನ, ಸುಮಾರು 44,000 ರೈಫಲ್. ಎರಡು ಕೋಟಿ ಜನರಿರುವ ರಾಜ್ಯಕ್ಕೆ ಇದು ಏನೇನೂ ಅಲ್ಲ.

ನಮ್ಮ ಇಲಿನಾಯ್ ಇನ್ನೂ ಸ್ಪಷ್ಟ. 2022ರ ಜುಲೈ 4ರಂದು ಹೈಲ್ಯಾಂಡ್ ಪಾರ್ಕ್ ಮೆರವಣಿಗೆಯಲ್ಲಿ ಏಳು ಜನ ಸತ್ತರು. 2023ರ ಜನವರಿ 10ಕ್ಕೆ ಗವರ್ನರ್ ಪ್ರಿಟ್ಜ್‌ಕರ್ ಎಆರ್-15 ತರಹದ ರೈಫಲ್‌ಗಳ ನಿಷೇಧಕ್ಕೆ ಸಹಿ ಹಾಕಿದರು. ಮೊದಲೇ ಇದ್ದವರು 2024ರ ಜನವರಿ 1ರೊಳಗೆ ಆನ್‌ಲೈನ್‌ನಲ್ಲಿ ಪ್ರಮಾಣಪತ್ರ ತುಂಬಬೇಕು. ಇಲ್ಲಿ ಗನ್ ಇಟ್ಟುಕೊಳ್ಳಲು ಫಾಯ್ಡ್ ಕಾರ್ಡ್ ಬೇಕು, ಅದು ಸುಮಾರು 24 ಲಕ್ಷ ಜನರ ಹತ್ತಿರ ಇದೆ. ಗಡುವಿನ ದಿನಕ್ಕೆ ಹೆಸರು ಬರೆಸಿದವರು 30,000ಕ್ಕಿಂತ ಕಡಿಮೆ. ಶೇ. 1ರ ಆಸುಪಾಸು. ಹಾಗಂತ ಉಳಿದವರೆಲ್ಲ ಕಾಯ್ದೆ ಮುರಿದರು ಅಂತ ಹೇಳುವಂತಿಲ್ಲ. ಎಷ್ಟೋ ಜನರ ಹತ್ತಿರ ಬರೀ ಪಿಸ್ತೂಲ್ ಅಥವಾ ಬೇಟೆಯ ಶಾಟ್‌ಗನ್ ಇರುತ್ತದೆ. ಕೆಲವರು ಇಂಡಿಯಾನಾದಲ್ಲಿರುವ ನೆಂಟರ ಮನೆಗೆ ಸಾಗಿಸಿದರು, ಕೆಲವರು ಮಾರಿದರು. ಆದರೆ ಸುಮ್ನೆ ಕೂತವರು ಬಹಳ ಜನ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಬಹುಪಾಲು ಕೌಂಟಿಗಳ ಶೆರಿಫ್‌ಗಳು, ಮನೆ ಮನೆಗೆ ಹೋಗಿ ಹುಡುಕುವುದು ನಮ್ಮ ಕೆಲಸ ಅಲ್ಲ ಅಂತ ಬರೆದು ಹಾಕಿದರು. ಚಿಕಾಗೊ ಸುತ್ತ ಒಂದು ಮಾತು, ದಕ್ಷಿಣಕ್ಕೆ ಹೋದರೆ ಇನ್ನೊಂದು.

ನಮ್ಮ ನೇಪರ್‌ವಿಲ್ ಊರೇ ರಾಜ್ಯಕ್ಕಿಂತ ಮೊದಲು, 2022ರ ಆಗಸ್ಟ್‌ನಲ್ಲಿ, ಅಂಥ ರೈಫಲ್‌ಗಳ ಮಾರಾಟ ನಿಲ್ಲಿಸಿತ್ತು. ಊರಿನ ಒಬ್ಬ ಗನ್ ಅಂಗಡಿಯವರು ಕೋರ್ಟಿಗೆ ಹೋದರು. ಕೇಸು ಮೇಲಿನ ಕೋರ್ಟಿಗೂ ಹೋಯಿತು, ತಡೆ ಸಿಗಲಿಲ್ಲ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನಿಮ್ಮ ನ್ಯೂಯಾರ್ಕ್‌ನ ಕೇಸಿನಲ್ಲೇ, ಬ್ರೂಯನ್ ತೀರ್ಪಿನಲ್ಲಿ, ಇತಿಹಾಸದಲ್ಲಿ ಇಂಥ ನಿರ್ಬಂಧ ಇತ್ತಾ ಅಂತ ನೋಡಿ ತೀರ್ಮಾನಿಸಿ ಅಂದುಬಿಟ್ಟಿತು. ಅಲ್ಲಿಂದ ಗನ್ ಇಟ್ಟುಕೊಂಡವರ ಮುಖ್ಯ ಉತ್ತರ ಕೋರ್ಟ್ ಆಗಿದೆ. 2024ರ ನವೆಂಬರ್‌ನಲ್ಲಿ ದಕ್ಷಿಣ ಇಲಿನಾಯ್‌ನ ಜಡ್ಜ್ ಒಬ್ಬರು ನಿಷೇಧ ಸಂವಿಧಾನಕ್ಕೆ ವಿರುದ್ಧ ಅಂದರು, ಮೇಲಿನ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಫ್ರೀಮಾಂಟ್ ಶೂಟರ್

ಕ್ಯಾಲಿಫೋರ್ನಿಯಾ ಬಿಟ್ಟರೆ ಈ ಚರ್ಚೆ ಪೂರ್ತಿ ಆಗುವುದಿಲ್ಲ. ವಾರಾಂತ್ಯ ರೇಂಜ್‌ಗೆ ಹೋಗುವವನು ನಾನು, ಟಾರ್ಗೆಟ್ ಸ್ಪರ್ಧೆಗಾಗಿ.

ಇಲ್ಲಿ ಇಂಥ ರೈಫಲ್‌ಗಳ ನಿಷೇಧ 1989ರಿಂದ, ಸ್ಟಾಕ್‌ಟನ್ ಶಾಲೆಯಲ್ಲಿ ಐದು ಮಕ್ಕಳು ಸತ್ತ ಮೇಲೆ. ಮೊದಲು ಹೆಸರು ಹಿಡಿದು ನಿಷೇಧಿಸಿದರು, ಕಂಪನಿಗಳು ಹೆಸರು ಬದಲಿಸಿದವು. 1999ರಲ್ಲಿ ಲಕ್ಷಣಗಳ ಪಟ್ಟಿ ಬಂತು. ಕಳಚುವ ಮ್ಯಾಗಜೀನ್ ಜೊತೆ ಪಿಸ್ತೂಲ್ ಹಿಡಿಕೆ, ಮಡಚುವ ಹಿಂಬದಿ, ಬೆಂಕಿ ಕಾಣದ ಹಾಗೆ ಮಾಡುವ ತುದಿ ಇವೆಲ್ಲ ಇರಬಾರದು. ಆಗ ಬುಲೆಟ್ ಬಟನ್ ಬಂತು. ಮ್ಯಾಗಜೀನ್ ಬಿಚ್ಚುವ ಗುಂಡಿಯನ್ನು ಒಳಗೆ ಹುದುಗಿಸಿ, ಬೆರಳು ಹೋಗದ ಹಾಗೆ ಮಾಡಿದರು. ಬುಲೆಟ್‌ನ ಚೂಪು ತುದಿಯಿಂದ ಚುಚ್ಚಿದರೆ ಬಿಚ್ಚುತ್ತದೆ. ಉಪಕರಣ ಬೇಕಾದ್ದರಿಂದ ಅದು ಕಳಚುವ ಮ್ಯಾಗಜೀನ್ ಅಲ್ಲ ಅಂತ ಲೆಕ್ಕ. 2017ರಿಂದ ಆ ದಾರಿ ಮುಚ್ಚಿತು. ಈಗ ಫಿನ್ ಗ್ರಿಪ್. ಹಿಡಿಕೆಯ ಹಿಂದೆ ಮೀನಿನ ರೆಕ್ಕೆ ತರಹ ಒಂದು ಹಲಗೆ ಇರುತ್ತದೆ, ಹೆಬ್ಬೆರಳು ಸುತ್ತಿ ಹಿಡಿಯಲು ಆಗುವುದಿಲ್ಲ. ನನ್ನ ರೈಫಲ್‌ಗೂ ಅದೇ ಇದೆ. ಹಿಡಿತ ಬಿಗಿ ಇರುವುದಿಲ್ಲ, ಆದರೆ ಕಾನೂನಿಗೆ ಸರಿ. ಕಾಯ್ದೆ ಒಂದು ಹೆಜ್ಜೆ, ತಯಾರಕರು ಒಂದು ಹೆಜ್ಜೆ, ಮೂವತ್ತು ವರ್ಷದಿಂದ ಹೀಗೇ ನಡೆದಿದೆ.

ಎದುರು ಉತ್ತರ ಕೊಟ್ಟ ಕಂಪನಿಗಳೂ ಇವೆ. 50 ಕ್ಯಾಲಿಬರ್ (ಅರ್ಧ ಇಂಚು ದಪ್ಪದ ಗುಂಡಿನ) ರೈಫಲ್ ನಿಷೇಧಿಸಿದಾಗ ಬ್ಯಾರೆಟ್ ಕಂಪನಿ, ಜನರಿಗೆ ಇಲ್ಲದ್ದು ನಿಮ್ಮ ಪೊಲೀಸರಿಗೂ ಇಲ್ಲ ಅಂತ ಮಾರಾಟ, ರಿಪೇರಿ ಎರಡೂ ನಿಲ್ಲಿಸಿತು. ಪಿಸ್ತೂಲಿನಲ್ಲಿ ಸಿಡಿದ ಖಾಲಿ ತೋಟೆಯ ಮೇಲೆ ಗುರುತು ಮೂಡಬೇಕು ಅನ್ನುವ ನಿಯಮ 2013ರಲ್ಲಿ ಜಾರಿಯಾಯಿತು. ಯಾವ ಕಂಪನಿಯೂ ಅಂಥ ಪಿಸ್ತೂಲ್ ಮಾಡಲಿಲ್ಲ. ಹಾಗಾಗಿ ಬೇರೆ ಕಡೆ ಗ್ಲಾಕ್ ಪಿಸ್ತೂಲಿನ ಐದನೇ ತಲೆಮಾರು ಬಂದರೂ ನಮಗೆ ಅಂಗಡಿಯಲ್ಲಿ ಬಹಳ ವರ್ಷ ಮೂರನೆಯದೇ ಸಿಗುತ್ತಿತ್ತು. 2019ರ ವಸಂತದಲ್ಲಿ ಫೆಡರಲ್ ಜಡ್ಜ್ ಬೆನಿಟೆಜ್ ಮ್ಯಾಗಜೀನ್‌ಗಿದ್ದ 10 ಗುಂಡಿನ ಮಿತಿಯನ್ನು ತೆಗೆದುಹಾಕಿದಾಗ ಆದೇಶಕ್ಕೆ ತಡೆ ಬೀಳುವವರೆಗೆ ಒಂದು ವಾರ ಸಿಕ್ಕಿತು. ದೇಶದ ಮೂಲೆ ಮೂಲೆಯಿಂದ ಮ್ಯಾಗಜೀನ್ ಪಾರ್ಸೆಲ್ ಬಂದು ಬಿದ್ದವು. ಇಲ್ಲಿನವರು ಅದನ್ನು ಇವತ್ತಿಗೂ ಫ್ರೀಡಂ ವೀಕ್ ಅಂತಾರೆ.

ಗೋಣಿಕೊಪ್ಪ ಹುಡುಗ

ನಾನು ಕೊಡಗಿನವನು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಎರಡೂ ಕಡೆ ನೋಡಿದವನಾಗಿ ಒಂದು ಮಾತು. ನಮ್ಮಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ನನ್ನ ಪಾಲಿಗೆ ಅದು ಆಯುಧಕ್ಕಿಂತ ಹೆಚ್ಚಾಗಿ ಐನ್‌ಮನೆಯ (ಕುಲದ ಹಿರಿಮನೆಯ) ವಸ್ತು.

ಆದರೂ ಪ್ರತಿ ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಿ ಅಂತ ಸೂಚನೆ ಬರುತ್ತದೆ. ತೋಟಕ್ಕೆ ಆನೆ, ಕಾಡುಹಂದಿ ಬರುವ ಹೊತ್ತಿಗೆ ಕೋವಿ ಠಾಣೆಯಲ್ಲಿ. ನಮ್ಮವರು ಗೊಣಗುತ್ತಾರೆ, ಮನವಿ ಕೊಡುತ್ತಾರೆ, ಕೋರ್ಟಿಗೂ ಹೋಗುತ್ತಾರೆ, ಕೊನೆಗೆ ಕೊಂಡೊಯ್ದು ಇಡುತ್ತಾರೆ. ನಮ್ಮದು ಸರ್ಕಾರ ಕೊಟ್ಟ ವಿನಾಯಿತಿ, ವಾಪಸ್ ಪಡೆಯಲೂಬಹುದು. ಇವರದು ಸಂವಿಧಾನದಲ್ಲೇ ಬರೆದ ಹಕ್ಕು. ಅದಕ್ಕೇ ಒಂದು ಫಾರ್ಮ್ ತುಂಬಿ ಅಂದರೂ ಇಷ್ಟು ಸಿಟ್ಟು.

ಇಲ್ಲಿ ಓದುತ್ತಿರುವ ಹೊಸಬರಿಗೆ ಒಂದು ಎಚ್ಚರಿಕೆ. ಎಚ್-1ಬಿ (ಕೆಲಸದ), ಎಫ್-1 (ಓದಿನ) ತರಹದ ವೀಸಾದಲ್ಲಿ ಇರುವವರು ಗನ್ ಆಗಲಿ ಗುಂಡಾಗಲಿ ಕೈಯಲ್ಲಿ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾಯ್ದೆಯ ತಡೆ ಇದೆ. ರಾಜ್ಯದ ಬೇಟೆ ಲೈಸೆನ್ಸ್ ಇರುವಂಥ ಕೆಲವು ವಿನಾಯಿತಿ ಮಾತ್ರ. ಟೆಕ್ಸಾಸ್‌ನಲ್ಲಿ ಎಲ್ಲ ನಡೆಯುತ್ತದೆ ಅಂತ ಗೆಳೆಯರ ಜೊತೆ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲ್ ಹಿಡಿಯಬೇಡಿ, ಮೊದಲು ಲಾಯರ್ ಹತ್ತಿರ ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಮೊಹಾಕ್ ಕಣಿವೆ

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಇಲಿಯನ್ ಮಟ್ಟಿಗೆ ಸಾಲ, ಎರಡು ದಿವಾಳಿ, ಜಾರ್ಜಿಯಾದ ಆಫರ್ ಇವೇ ದೊಡ್ಡ ಕಾರಣ ಅಂತ ನಾನೂ ಒಪ್ಪಿದೆ. ಶನಿವಾರ ಪಕ್ಕದ ಮನೆಯವರು ಊಟಕ್ಕೆ ಬರುತ್ತಾರೆ, ಹಂಟ್ಸ್‌ವಿಲ್ ಕಥೆ ಅವರ ಮುಂದೆ ಇಡುತ್ತೇನೆ. ಲೆಕ್ಕಿಗರೇ, ಲಾಗ್ರೇಂಜ್‌ನಲ್ಲಿ ಆ 856ರಲ್ಲಿ ನಿಜಕ್ಕೂ ಎಷ್ಟು ಕೆಲಸ ಬಂತು ಅಂತ ನಿಮಗೆ ಅಲ್ಲಿ ತಿಳಿದರೆ ಇಲ್ಲೇ ಬರೆಯಿರಿ.